ಇಸ್ತ್ರಿ ಕುಡಿಯುವ ನೀರು

"ಬಾಯಿಗೆ ಹನಿ ನೀರು ಹಾಕಿಲ್ಲ ಅಂತೀಯ, ಮತ್ತೆ ಕೆಳಗೆ ಎಲ್ಲಿಂದ ಬರುತ್ತೇ? ಹೊಟ್ಟೇಲಿ ಬಾವಿ ತೋಡಿಸ್ಕೊಂಡಿದೀಯಾ?"

ಮೇಸ್ತ್ರಿ ಇದನ್ನು ನನ್ನ ನಾದಿನಿಗೆ ಮಾತ್ರ ಕೇಳುವಂತೆ ಹೇಳಬಹುದಿತ್ತು. ಹೇಳಲಿಲ್ಲ. ಇಸ್ತ್ರಿ ಕೋಣೆಯ ಈ ತುದಿಯಿಂದ ಆ ತುದಿಗೆ ಮುಟ್ಟುವ ಹಾಗೆ, ಕಕ್ಕಸಿನ ಕೀಲಿ ಕಟ್ಟಿದ ಕೆಂಪು ಕಟ್ಟಿಗೆಯನ್ನು ಅಂಗೈಗೆ ತಟ್ಟುತ್ತ ಹೇಳಿದ. ಬಾಗಿಲಾಚೆ ಒಗೆಯುವ ಮಿಷನ್ನುಗಳ ಮುಂದಿದ್ದ ಗಂಡಸರು ಹಲ್ಲು ಕಿರಿದರು. ನಾದಿನಿ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ಕೆಲಸ ಶುರುವಾಗಿ ಇನ್ನೂ ಮೊದಲನೇ ಗಂಟಿನ ಬಟ್ಟೆಯೂ ಮುಗಿದಿರಲಿಲ್ಲ.

ಅದು ಬೆಳಗಾಗುವ ಮುಂಚೆ ಕುಡಿದ ನೀರು, ಡಾಕ್ಟರು ಕುಡಿಯಲೇಬೇಕು ಅಂದಿದ್ದಾರೆ ಎಂದು ಅವಳು ಮೆಲ್ಲಗೆ ಹೇಳಿದಳು.

"ಡಾಕ್ಟ್ರು ಬಂದು ನಿನ್ ಬದ್ಲು ಇಸ್ತ್ರಿ ಉಜ್ಜುತ್ತಾರಾ? ಕದ್ದು ಕುಡಿದು ದೇವರಿಗೇ ಟೋಪಿ ಹಾಕೋಳು, ನಂಗೆ ಹಾಕಲ್ವಾ? ಟೀ ಹೊತ್ತಿನ ತನಕ ಕೀಲಿ ಇಲ್ಲ. ಮುಚ್ಕೊಂಡು ನಿಂತ್ಕೊ ಹೋಗು."

ಅವಳು ಬಂದು ನನ್ನ ಪಕ್ಕದ ಮೇಜಿನಲ್ಲಿ ನಿಂತು ಇಸ್ತ್ರಿ ಎತ್ತಿಕೊಂಡಳು. ನನಗೆ ನನ್ನ ಕೈಯ ಇಸ್ತ್ರಿಯನ್ನು ಅವನ ಮೂತಿಗೆ ಒತ್ತಬೇಕೆನಿಸಿತು. ಒತ್ತಲಿಲ್ಲ. ಯಾವುದೋ ಲಾಡ್ಜಿನ ದಿಂಬಿನ ಚೀಲಕ್ಕೆ ಒತ್ತಿದೆ. ಸಂಬಳ ಕೊಡುವುದು ಅದಕ್ಕೇ ತಾನೇ.

"ಕೆಲಸಗಳ್ಳಿ ಅಂದಿದ್ರೆ ಬಿಡ್ತಿದ್ದೆ ಭಾಬಿ," ಎಂದಳು ನಾದಿನಿ, ಬಟ್ಟೆಯಿಂದ ಕಣ್ಣೆತ್ತದೆ. "ರೋಜಾಗಳ್ಳಿ ಅಂದ, ಉಪಾಸ ಕದ್ದೋಳು ಅಂತ."

ಮೇಸ್ತ್ರಿಗೆ ನಾವಿಟ್ಟ ಹೆಸರು ಬೀಗರು. ಕಕ್ಕಸಿನ ಬೀಗ ಅವನ ಕೈಯಲ್ಲಿದೆ ಎಂಬುದು ಒಂದು. ಹೆಣ್ಣು ಕೊಟ್ಟವರ ಹಾಗೆ ಎಲ್ಲದಕ್ಕೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು ಎಂಬುದು ಇನ್ನೊಂದು. ಬೀಗರು ಬಂದ್ರು, ಬೀಗರು ಮುನಿಸ್ಕೊಂಡ್ರು ಎಂದು ನಾವು ನಾವೇ ಪಿಸುಗುಟ್ಟಿ ನಗುವುದು. ಎದುರಿಗೆ ಹಾಗೆ ಕರೆಯುವ ಎದೆ ಯಾರಿಗೂ ಇರಲಿಲ್ಲ. ಕೀಲಿ ಕಳೆಯಬಾರದು ಎಂದು ಅವನು ಮುರಿದ ಮೇಜಿನ ಕಾಲೊಂದಕ್ಕೆ ಕೆಂಪು ಬಣ್ಣ ಬಳಿದು ಅದಕ್ಕೆ ಕಟ್ಟಿಟ್ಟಿದ್ದ. ಯಾವಳಿಗೆ ಅವಸರವಾದರೂ ಮೊಳದುದ್ದದ ಆ ಕಟ್ಟಿಗೆ ಹಿಡಿದುಕೊಂಡು, ಒಗೆಯುವ ಗಂಡಸರ ನಡುವೆ ಹಾದು, ಆಫೀಸಿನ ಪಕ್ಕದ ಕಕ್ಕಸಿಗೆ ಹೋಗಬೇಕು. ಯಾರು ಹೋದರು, ಎಷ್ಟು ಹೊತ್ತು ಕೂತರು ಎಂದು ಜಗತ್ತಿಗೆಲ್ಲ ತಿಳಿಯುತ್ತದೆ. ಗಂಡಸರಿಗೆ ಕೀಲಿ ಬೇಡ. ಅವರಿಗೆ ಹಿಂದಿನ ಗೋಡೆಯಿದೆ.

ಆಸ್ಪತ್ರೆ, ಲಾಡ್ಜು, ಛತ್ರ ಎಲ್ಲಾ ಕಡೆಯ ಹಾಸಿಗೆ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ಮಂಚಕ್ಕೆ ಹಾಸುವ ದೊಡ್ಡ ಬಿಳಿ ಬಟ್ಟೆಗೆ ನಾವು ಹಾಳೆ ಎನ್ನುತ್ತೇವೆ. ಗಂಡಸರು ಒಗೆಯುತ್ತಾರೆ, ಹೆಂಗಸರು ಇಸ್ತ್ರಿ ಮಾಡಿ ಮಡಿಸುತ್ತೇವೆ. ನಮ್ಮದು ಹಬೆ ಇಸ್ತ್ರಿ. ಪ್ರತಿ ಮೇಜಿನ ಮೇಲೂ ಕೊಕ್ಕೆಯಿಂದ ಒಂದು ನೀರಿನ ಬಾಟಲಿ ತೂಗುತ್ತಿರುತ್ತದೆ, ಅಲ್ಲಿಂದ ಸಣ್ಣ ಪೈಪು ಇಸ್ತ್ರಿಗೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ರೋಗಿಗೆ ಹಾಕುವ ಗ್ಲೂಕೋಸಿನ ಹಾಗೆ. ಇಸ್ತ್ರಿ ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರುತ್ತದೆ. ಬಾಟಲಿ ಖಾಲಿಯಾಗಲು ಬಿಟ್ಟರೆ ಬೀಗರು ಅಮ್ಮ ಅಕ್ಕ ಎಲ್ಲರನ್ನೂ ಎಳೆದು ಬಯ್ಯುತ್ತಾನೆ. ಅದಕ್ಕೆ ಬೋರಿನ ನೀರೂ ಆಗದು. ಬೋರಿನ ನೀರು ಹಾಕಿದರೆ ಇಸ್ತ್ರಿಯ ಹೊಟ್ಟೆಯಲ್ಲಿ ಸುಣ್ಣ ಕಟ್ಟಿ ಕಲ್ಲಾಗುತ್ತದಂತೆ. ಅದಕ್ಕೇ ಇಸ್ತ್ರಿಗೆಂದು ಬೇರೆ ಕ್ಯಾನಿನಲ್ಲಿ ಶುದ್ಧ ನೀರು ತರಿಸುತ್ತಾರೆ. ನಮಗೆ ಮೂಲೆಯಲ್ಲಿ ಒಂದು ಡ್ರಮ್ಮಿದೆ. ಕುಡಿಯಬೇಡಿ ಎಂದು ಯಾರೂ ತಡೆದಿಲ್ಲ. ಕುಡಿದದ್ದನ್ನು ಎಲ್ಲಿ ಬಿಡಬೇಕು ಎಂದು ಮಾತ್ರ ಯಾರೂ ಹೇಳಿಲ್ಲ.

ಹಾಗಾಗಿ ಈ ಕೋಣೆಗೆ ಹೊಸಬಳು ಬಂದರೆ ಇಸ್ತ್ರಿ ಹಿಡಿಯುವುದಕ್ಕೂ ಮೊದಲು ಕಲಿಸುವ ಪಾಠ ಒಂದಿದೆ. ಬೆವರಲ್ಲಿ ಹೋಗುವಷ್ಟು ಕುಡಿ, ಕೆಳಗೆ ಇಳಿಯುವಷ್ಟು ಕುಡಿಯಬೇಡ. ಗಂಟಲು ಒಣಗಿದರೆ ಒಂದು ಗುಟುಕು, ತಲೆ ತಿರುಗಿದರೆ ಎರಡು. ನಾವು ಇದನ್ನು ಒಂದು ವಿದ್ಯೆ ಎಂದುಕೊಂಡಿದ್ದೆವು, ಹೆಮ್ಮೆಪಡುತ್ತಿದ್ದೆವು. ಬೆಳಗ್ಗೆ ಬಂದು ಸಂಜೆವರೆಗೆ ಕೆಂಪು ಕಟ್ಟಿಗೆ ಮುಟ್ಟದೆ ಮನೆಗೆ ಹೋದವಳು ಗಟ್ಟಿಗಿತ್ತಿ. ಮುಟ್ಟಿದವಳು ಸೋರುವ ಕೊಡ. ನನ್ನ ನಾದಿನಿ ಎಲ್ಲರಿಗಿಂತ ಗಟ್ಟಿಗಿತ್ತಿ. ವರ್ಷಗಟ್ಟಲೆ ಅವಳು ಆ ಕಟ್ಟಿಗೆ ಮುಟ್ಟಿದ್ದೇ ಅಪರೂಪ. ಆ ಹೆಮ್ಮೆಯೆಲ್ಲ ಅವಳ ಸೊಂಟದ ಎಡಗಡೆ ಕಲ್ಲಾಗಿ ಕೂತಿತು.

ರಂಜಾನ್ ತಿಂಗಳಿಗೆ ಮುಂಚೆ ನೋವು ತಾಳಲಾರದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಫೋಟೋ ತೆಗೆಸಿ, ಒಂದು ಕಿಡ್ನಿ ಆಗಲೇ ಊದಿದೆ, ಹೀಗೇ ಬಿಟ್ಟರೆ ಅದು ಕೆಲಸ ನಿಲ್ಲಿಸುತ್ತದೆ, ಈ ಸಲ ಉಪವಾಸ ಬಿಡು ಎಂದರು. ಕಾಯಿಲೆಯವರು ಬಿಡಬಹುದು ಎಂದು ನಮ್ಮ ಧರ್ಮದಲ್ಲೂ ಹೇಳಿದೆ. ಅತ್ತೆಯೂ ಅದನ್ನೇ ಹೇಳಿ ಮಗಳ ಕೈ ಹಿಡಿದಿದ್ದರು. ಅವಳು ಒಪ್ಪಲಿಲ್ಲ.

"ವರ್ಷವೆಲ್ಲ ಅವರು ಹೇಳಿದ್ರು ಅಂತ ಒಣಗ್ತೀನಿ ಡಾಕ್ಟ್ರೇ. ಈ ಒಂದು ತಿಂಗಳು ನಾನೇ ಮನಸ್ಸು ಮಾಡಿ ಒಣಗ್ತೀನಿ. ಇದೊಂದೇ ನಂದು. ಇದನ್ನ ಬಿಡು ಅನ್ಬೇಡಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಿಮ್ಮ ಜನಕ್ಕೆ ಬುದ್ಧಿ ಹೇಳುವುದು ಗೋಡೆಗೆ ಹೇಳಿದ ಹಾಗೆ, ಆಮೇಲೆ ಸತ್ತರೆ ಆಸ್ಪತ್ರೆಯ ಮೇಲೆ ಬರ್ತೀರಿ ಎಂದರು. ಹಾಗಾದರೆ ಹೊತ್ತು ಮುಳುಗಿದಾಗಿನಿಂದ ಬೆಳಗಾಗುವವರೆಗೆ ಸ್ವಲ್ಪ ಸ್ವಲ್ಪವೇ ಕುಡಿಯುತ್ತಲೇ ಇರಬೇಕು, ಬೆಳಗಾಗುವ ಮುಂಚಿನ ಸೆಹರಿ ಊಟದ ಹೊತ್ತಿಗೆ ಚೆನ್ನಾಗಿ ಕುಡಿಯಬೇಕು, ಉಪ್ಪು ಕಡಿಮೆ, ಟೀ ಬೇಡ, ಮೂತ್ರ ಬಂದರೆ ತಡೆಯಲೇಬಾರದು. ಎಲ್ಲವನ್ನೂ ನಾದಿನಿ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತ ಕೇಳಿದಳು. ಕೊನೆಯದಕ್ಕೆ ಮಾತ್ರ ಬಾಯಿಬಿಟ್ಟಳು.

"ತಡೀಬಾರದು ಅಂದ್ರೆ ಎಲ್ಲಿ ಹೋಗ್ಲಿ? ನಮ್ಮ ಕಡೆ ಬೀಗ ಹಾಕಿರ್ತಾರೆ."

"ಅದಕ್ಕೆ ನಾನೇನು ಮಾಡ್ಲಮ್ಮ? ಅದು ನಿಮ್ಮ ಕೆಲಸದವರ ಹತ್ರ ಮಾತಾಡ್ಬೇಕು. ನೆಕ್ಸ್ಟ್."

ಹೀಗೆ ಡಾಕ್ಟರು ಹೇಳಿದ ಹಾಗೆ ಕುಡಿದು ಬಂದವಳಿಗೆ ಬೀಗರು ರೋಜಾಗಳ್ಳಿ ಎಂಬ ಬಿರುದು ಕೊಟ್ಟಿದ್ದ. ಇದರಲ್ಲಿ ಮಾಲೀಕರ ದಯೆಯೂ ಸೇರಿತ್ತು ಎನ್ನಬೇಕು. ಉಪವಾಸದವರು ಸಂಜೆ ಬೇಗ ಮನೆ ಸೇರಲಿ ಎಂದು ಅವರು ಈ ತಿಂಗಳು ಕೆಲಸವನ್ನು ಬೆಳಕು ಹರಿಯುತ್ತಲೇ ಶುರುಮಾಡಿಸಿದ್ದರು. ಉಪವಾಸ ಇಲ್ಲದವರೂ ನಮ್ಮ ಜೊತೆ ನಿದ್ದೆಗಣ್ಣಲ್ಲಿ ಬರಬೇಕು. ಸೆಹರಿಯಲ್ಲಿ ಕುಡಿದ ನೀರು ಹೊರಗೆ ಬರುವ ಹೊತ್ತೂ, ನಾವು ಒಳಗೆ ಹೋಗಿ ಗೇಟು ಹಾಕಿಕೊಳ್ಳುವ ಹೊತ್ತೂ ಒಂದೇ ಆಯಿತು. ದೊಡ್ಡವರ ದಯೆ ಯಾವಾಗಲೂ ಹೀಗೇ, ಎಲ್ಲಿ ತಾಗುತ್ತದೆಂದು ಅವರಿಗೆ ಗೊತ್ತೇ ಇರುವುದಿಲ್ಲ.

ಬೈಸಿಕೊಂಡ ಮಾರನೆಯ ನಸುಕಿನಲ್ಲಿ ಅತ್ತೆ ಎಂದಿನಂತೆ ಮಗಳ ಮುಂದೆ ನೀರಿನ ಚೊಂಬು, ಲೋಟ ಇಟ್ಟರು. ನಮ್ಮದು ಒಂದೇ ಕೋಣೆ; ಒಲೆಯ ಪಕ್ಕದಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ನಾದಿನಿ ಎರಡು ತುತ್ತು ತಿಂದಳು, ಒಂದು ಗುಟುಕು ನೀರು ಬಾಯಿಗೆ ಹಾಕಿ ಲೋಟ ದೂಡಿದಳು. ಅತ್ತೆ ಅದನ್ನು ಮತ್ತೆ ಅವಳ ಮುಂದೆ ತಳ್ಳಿದರು. ಅವಳು ಮತ್ತೆ ದೂಡಿದಳು.

"ಕುಡಿಯೇ, ಡಾಕ್ಟ್ರು ಹೇಳಿಲ್ವಾ," ಎಂದೆ ನಾನು.

"ಕುಡಿದು ಆ ನಾಯಿ ಹತ್ರ ಕೈಚಾಚ್ಲಾ? ಉಪಾಸ ಹಿಡೀತೀನಿ ಅನ್ನೋ ನಿಯತ್ತಿಗೆ ಒಂದು ಗುಟುಕು ಸಾಕು."

ಅತ್ತೆ ನನ್ನ ಕಡೆ ನೋಡಿದರು. ಜಗಳವಾಡು, ನೀನಾದರೂ ಗದರಿಸು ಎಂಬ ನೋಟ. ನಾನು ಏನೆಂದು ಗದರಿಸಲಿ? ನಾನು ಕುಡಿದದ್ದೂ ಅರ್ಧ ಲೋಟವೇ. ಆ ಲೋಟದ ಉಳಿದರ್ಧವನ್ನು ಅತ್ತೆ ಚೊಂಬಿಗೆ ಸುರಿದು ಮುಚ್ಚಿಟ್ಟರು, ಸಂಜೆಗಾಗುತ್ತದೆ ಎಂದು.

ಹೀಗೆ ವಾರ ಕಳೆಯಿತು. ನಾದಿನಿ ಮತ್ತೆ ಗಟ್ಟಿಗಿತ್ತಿಯಾದಳು. ಕೀಲಿ ಕೇಳಲಿಲ್ಲ, ಬೀಗರು ಅವಳ ಮೇಜಿನ ಹತ್ತಿರ ನಿಂತು, ಈಗ ನೋಡು ಹೇಗೆ ದಾರಿಗೆ ಬಂದ್ಲು ಎಂದು ಹೋದ. ಅದಾದ ಮೇಲೆ ಒಂದು ಮಧ್ಯಾಹ್ನ ಅವಳ ಇಸ್ತ್ರಿ ಬಟ್ಟೆಯ ಮೇಲೆ ನಿಂತೇಬಿಟ್ಟಿತು. ಸುಟ್ಟ ವಾಸನೆಗೆ ತಿರುಗಿ ನೋಡಿದರೆ ಮೇಜಿನ ಅಂಚಿಗೆ ಹಣೆ ಒತ್ತಿಕೊಂಡಿದ್ದಾಳೆ, ತುಟಿ ಬೂದಿ ಬಡಿದಿದೆ. ನಾನು ಹಿಡಿಯುವಷ್ಟರಲ್ಲಿ ಕುಸಿದಳು. ಬೀಗರು ಓಡಿ ಬಂದ. ಮೊದಲು ಇಸ್ತ್ರಿ ಎತ್ತಿದ, ಆಮೇಲೆ ಹಾಳೆಯಲ್ಲಿ ಬಿದ್ದ ಕಂದು ಗುರುತನ್ನು ಉಜ್ಜಿ ನೋಡಿದ, ಆಮೇಲೆ ಅವಳನ್ನು ನೋಡಿದ.

"ಆಗಲ್ಲ ಅಂದ್ರೆ ಉಪಾಸ ಯಾಕೆ ಸಾಯ್ಬೇಕು ನೀವು? ಮುಂಡೇವಾ, ನನ್ನ ತಲೆಗೆ ತರ್ತೀರ."

ಮಡಿಕೆ ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಾಳೆ ಮಡಿಸುವ ಕೆಲಸದ ಇವಳು ನಮ್ಮಲ್ಲೆಲ್ಲ ಹಿರಿಯಳು, ನಮ್ಮ ಜಾತಿಯವಳಲ್ಲ, ಉಪವಾಸವೂ ಇಲ್ಲ. ಅವಳನ್ನು ಕಕ್ಕಸಿಗೆ ಕರ್ಕೊಂಡು ಹೋಗ್ಬೇಕು, ಕೀಲಿ ಕೊಡು ಎಂದು ಬೀಗರನ್ನು ಕೇಳಿದಳು. ಆಗ ಕೊಟ್ಟ. ನಾವಿಬ್ಬರೂ ತೋಳು ಹಿಡಿದು ಕರೆದುಕೊಂಡು ಹೋದೆವು. ಬಂದದ್ದು ಒಂದು ಚಮಚದಷ್ಟು, ಅದರಲ್ಲೂ ರಕ್ತ. ಅಕ್ಕ ಒಂದು ಬಿಂದಿಗೆ ನೀರು ಸುರಿದು ಅದನ್ನು ತೊಳೆದಳು.

ಸುದ್ದಿ ಮಾಲೀಕರಿಗೆ ಮುಟ್ಟಿತು. ಎರಡು ದಿನದ ಮೇಲೆ ಅವರೇ ಬಂದರು, ಜೊತೆಗೊಬ್ಬ ಫೋಟೋದವನು. ಅಂಗಳದಲ್ಲಿ ಆಫೀಸಿನ ಬಾಗಿಲ ಪಕ್ಕ ಒಂದು ದೊಡ್ಡ ಪೋಸ್ಟರು ಅಂಟಿಸಿದರು. ಅದರಲ್ಲಿ ತಲೆಗೆ ಸೆರಗು ಹೊದ್ದ ಬೆಳ್ಳನೆಯ ಹೆಂಗಸೊಬ್ಬಳು ಲೋಟ ಹಿಡಿದು ನಗುತ್ತಿದ್ದಳು. ಕೆಳಗೆ, ಉಪವಾಸದಲ್ಲೂ ಆರೋಗ್ಯ: ಇಫ್ತಾರಿನಿಂದ ಸೆಹರಿಯವರೆಗೆ ಸಾಕಷ್ಟು ನೀರು ಕುಡಿಯಿರಿ ಎಂದು ದಪ್ಪಕ್ಷರ. ನಮ್ಮನ್ನು ಅದರ ಮುಂದೆ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದು ನೀರಿನ ಬಾಟಲಿ ಕೊಟ್ಟರು. ಮಟಮಟ ಮಧ್ಯಾಹ್ನ, ಬಾಯಿ ಕಟ್ಟಿದ ಹೆಂಗಸರ ಕೈಯಲ್ಲಿ ತಣ್ಣನೆಯ ಬಾಟಲಿ. ಸ್ವಲ್ಪ ನಗಿ ಎಂದ ಫೋಟೋದವನು. ಕೆಲವರು ನಕ್ಕೆವು, ಬಿಟ್ಟಿ ಸಿಕ್ಕಿದ್ದನ್ನು ಬಿಡಬಾರದಲ್ಲ.

ಫೋಟೋ ಆದ ಮೇಲೆ ಮಾಲೀಕರು ಏನಾದರೂ ಬೇಕಿದ್ದರೆ ಕೇಳಿ ಎಂದರು. ಹಾಗೆ ಕೇಳಿದರೆ ಏನೂ ಬೇಡ ಎನ್ನಬೇಕು ಎಂಬುದು ರೂಢಿ. ಮಡಿಕೆ ಅಕ್ಕ ರೂಢಿ ಮುರಿದಳು. ಕಕ್ಕಸಿನ ಕೀಲಿಯನ್ನು ಇಸ್ತ್ರಿ ಕೋಣೆಯ ಬಾಗಿಲ ಮೊಳೆಗೆ ನೇತುಹಾಕಿಬಿಡಿ, ಬೇಕಾದವರು ಬೇಕಾದಾಗ ಹೋಗಿ ಬರ್ತೀವಿ, ಅಷ್ಟೇ ಎಂದಳು. ಮಾಲೀಕರ ನಗು ನಿಂತಲ್ಲೇ ನಿಂತಿತು.

"ನೋಡಮ್ಮ, ಅದು ಆಫೀಸಿಗೆ ಬರೋರಿಗೂ ಇರೋ ಜಾಗ. ನೀವೆಲ್ಲ ಹೊತ್ತುಗೊತ್ತಿಲ್ದೆ ಹೋಗಿ ಬಂದ್ರೆ ಗಲೀಜಾಗುತ್ತೆ. ಮೇಸ್ತ್ರಿ ಇದಾರೆ, ನೋಡ್ಕೋತಾರೆ."

ಗಲೀಜಂತೆ. ಕಂಡಕಂಡವರು ಉರುಳಾಡಿ, ವಾಂತಿ ಮಾಡಿ, ಹೆತ್ತು, ಸತ್ತು ಹೊಲಸು ಮಾಡಿದ ಹಾಳೆಗಳು ನಮ್ಮ ಕೈಯಲ್ಲಿ ಬೆಳ್ಳಗಾಗುತ್ತವೆ. ಗಲೀಜು ನಾವು. ಮಾಲೀಕರ ಕಾರು ಹೋದ ಮೇಲೆ ಬೀಗರು ಬಾಟಲಿಗಳನ್ನು ವಾಪಸ್ ಇಸಿದುಕೊಂಡ, ಉಪಾಸದವರಿಗೆ ಯಾಕೆ ಎಂದು. ಆ ನೀರನ್ನು ಇಸ್ತ್ರಿಗೆ ಹಾಕಿಸಿದ.

ಅಂದು ಗೇಟಿನ ಹೊರಗೆ ನಾದಿನಿ ಗೋಡೆಗೊರಗಿ ನಿಂತಳು. ಸೊಂಟದ ಮೇಲೆ ಕೈ ಇತ್ತು. ಬೇರೆ ಹೆಂಗಸರೂ ನಿಂತರು.

"ನಾಳೆ ನಾನು ಡಾಕ್ಟ್ರು ಹೇಳಿದಷ್ಟೂ ಕುಡಿದು ಬರ್ತೀನಿ. ಕಿಡ್ನಿ ಹೋದ್ರೆ ಇವನು ತಂದು ಹಾಕ್ತಾನಾ? ಬಂದ ಮೇಲೆ ತಡೆಯಲ್ಲ. ಎಲ್ಲಿ ಆಗುತ್ತೋ ಅಲ್ಲಿ."

ಯಾರೂ ತಮಾಷೆ ಮಾಡಲಿಲ್ಲ. ಮಡಿಕೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ದು ಒಂದು ತಿಂಗಳ ಉಪಾಸ. ನಾನು ಈ ಕೋಣೆಗೆ ಬಂದಾಗಿಂದ ಇದೇ ಉಪಾಸ ಮಾಡ್ತಿದೀನಿ, ನಂಗೆ ಹಬ್ಬಾನೇ ಬಂದಿಲ್ಲ. ನಾನೂ ಕುಡಿದು ಬರ್ತೀನಿ ಬಿಡು."

ಆ ಸಂಜೆ ಮಸೀದಿಯ ಬಾಂಗ್ ಕೇಳಿದಾಗಿನಿಂದ ನಾದಿನಿ ಕುಡಿಯಲು ಕೂತಳು. ಅತ್ತೆ ಲೋಟ ತುಂಬುತ್ತ ಹೋದರು. ನಸುಕಿನಲ್ಲಿ ನಾನೂ ಹೊಟ್ಟೆ ಕುಲುಕುವಷ್ಟು ಕುಡಿದೆ. ಎಷ್ಟು ಕಾಲವಾಗಿತ್ತೋ ಹೆದರದೆ ನೀರು ಕುಡಿದು. ನೀರಿಗೆ ಒಂದು ರುಚಿಯಿದೆ ಎಂಬುದೇ ಮರೆತುಹೋಗಿತ್ತು.

ಇಸ್ತ್ರಿ ಕಾದು ಹಬೆ ಬರಲು ಶುರುವಾದ ಸ್ವಲ್ಪ ಹೊತ್ತಿಗೆ ನಾದಿನಿ ಬೀಗರ ಕುರ್ಚಿಯ ಮುಂದೆ ಹೋಗಿ ಕೀಲಿ ಕೇಳಿದಳು. ಅವನು ಮತ್ತೆ ಬಾವಿಯ ಮಾತು ತೆಗೆದ. ಅವಳ ಹಿಂದೆ ಮಡಿಕೆ ಅಕ್ಕ ಬಂದು ನಿಂತು ಕೀಲಿ ಕೇಳಿದಳು. ಅವಳ ಹಿಂದೆ ನಾನು. ನನ್ನ ಹಿಂದೆ ಉಳಿದವರು, ಉಪವಾಸ ಇದ್ದವರು, ಇಲ್ಲದವರು. ಬೀಗರು ಕೆಂಪು ಕಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಎದ್ದ.

"ಏನ್ರೇ ಇದು, ನಾಟಕಾನಾ? ಟೀ ಹೊತ್ತಿನ ತನಕ ಒಬ್ಬಳಿಗೂ ಇಲ್ಲ. ಹೋಗ್ತೀರೋ, ಕಪಾಳಕ್ಕೆ ಬಿಗೀಲೋ?"

ನಾದಿನಿ ತನ್ನ ಮೇಜಿಗೆ ಬಂದು, ಆಗತಾನೇ ಇಸ್ತ್ರಿಯಾಗಿದ್ದ ದೊಡ್ಡ ಹಾಳೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಒಗೆಯುವ ಗಂಡಸರ ನಡುವೆ ಹಾದು ಅಂಗಳಕ್ಕೆ ನಡೆದಳು. ನಾನೂ ಒಂದು ಹಾಳೆ ಎತ್ತಿಕೊಂಡೆ. ಮಡಿಕೆ ಅಕ್ಕ ತಾನೇ ಮಡಿಸಿಟ್ಟ ರಾಶಿಯಿಂದ ಎರಡು ಎಳೆದಳು. ಅವಳು ಮಡಿಕೆ ಬಿಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಪೋಸ್ಟರಿನ ಮುಂದೆ ನಾದಿನಿ ನಿಂತಳು. ನಾವು ಸುತ್ತ ನಿಂತು, ಹಾಳೆಗಳ ತುದಿ ಹಿಡಿದು ತಲೆಯ ಮೇಲೆತ್ತಿದೆವು. ನಾಲ್ಕು ಕಡೆ ಬಿಳಿ ಗೋಡೆ ಎದ್ದಿತು, ಒಳಗೆ ಅವಳು ಕುಕ್ಕರಿಸಿದಳು. ಇನ್ನೂ ಇಸ್ತ್ರಿಯ ಬಿಸಿ ಆರಿರಲಿಲ್ಲ.

ಬೀಗರು ಕೂಗುತ್ತ ಓಡಿ ಬಂದ. ಅದು ಆಸ್ಪತ್ರೆ ಮಾಲು, ಈಗ ವ್ಯಾನು ಬರುತ್ತೆ, ನಿಮ್ಮ ಮನೆ ಹಾಳಾಗ. ಯಾರೂ ಕೈ ಇಳಿಸಲಿಲ್ಲ. ಗಂಡಸರು ಮಿಷನ್ನು ಬಿಟ್ಟು ಬಾಗಿಲಿಗೆ ಬಂದರು. ಒಬ್ಬ ಶಿಳ್ಳೆ ಹಾಕಲು ಬಾಯಿ ಮಾಡಿದ; ಪಕ್ಕದವನು ಅವನ ಕುತ್ತಿಗೆ ಹಿಡಿದು ಆಚೆ ತಿರುಗಿಸಿದ. ಆಮೇಲೆ ಅವರೆಲ್ಲ ಬೆನ್ನು ತಿರುಗಿಸಿ ನಿಂತರು. ಬೀಗರು ನನ್ನ ಕೈಯ ಹಾಳೆಗೆ ಕೈ ಹಾಕುವುದರಲ್ಲಿದ್ದ, ಅಷ್ಟರಲ್ಲಿ ಹಾಳೆಯ ಅಡಿಯಿಂದ ಮೂತ್ರ ಹೊರಬಂತು.

ಸಿಮೆಂಟಿನ ಅಂಗಳ ಆಫೀಸಿನ ಕಡೆಗೆ ಇಳಿಜಾರು. ಅದು ಪೋಸ್ಟರಿನ ಬುಡ ಹಾದು, ಮೆಟ್ಟಿಲ ಕಡೆಗೆ, ಬೀಗರ ಚಪ್ಪಲಿಯ ಕಡೆಗೆ ಹರಿಯಿತು. ಬೆಳಗಿನ ಬಿಸಿಲಿನಲ್ಲಿ ಎಲ್ಲರಿಗೂ ಕಾಣಿಸಿತು. ಕೆಂಪಗಿತ್ತು.

ಬೀಗರು ಹಿಂದಕ್ಕೆ ಸರಿದ. ಒಳಗೆ ನಾದಿನಿ ಹಲ್ಲು ಕಚ್ಚಿ ನರಳುವುದು ನಮಗೆ ಮಾತ್ರ ಕೇಳುತ್ತಿತ್ತು, ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವನು ಕೆಂಪು ಕಟ್ಟಿಗೆಯನ್ನು ಹಾಳೆಯ ಕಡೆಗೆ ಚಾಚಿದ.

"ತಗೊಳೇ, ಕೀಲಿ ತಗೊ. ಹೋಗು, ಎಷ್ಟು ಹೊತ್ತು ಬೇಕಾದ್ರೂ ಹೋಗು."

"ನೀವೇ ಇಟ್ಕೊಳ್ಳಿ ಬೀಗರೇ," ಎಂದಳು ನಾದಿನಿ ಗೋಡೆಯೊಳಗಿಂದ. "ಅಕ್ಕಾ, ಈಗ ನೀನು ಬಾ."

ನಾದಿನಿ ಹೊರಗೆ ಬಂದು ಅಕ್ಕನ ತುದಿ ಹಿಡಿದಳು. ಅಕ್ಕ ಒಳಗೆ ಹೋದಳು. ಅವಳ ನಂತರ ಇನ್ನೊಬ್ಬಳು, ಮತ್ತೊಬ್ಬಳು. ಇಸ್ತ್ರಿ ಕೋಣೆಯಿಂದ ಸುಟ್ಟ ವಾಸನೆ ಬರತೊಡಗಿತು. ಬಾಟಲಿಗಳು ಖಾಲಿಯಾಗಿ ಇಸ್ತ್ರಿಗಳು ಒಣಗುತ್ತಿದ್ದವು. ಇಸ್ತ್ರಿಗೆ ನೀರು ಬಿಡ್ರೇ ಯಾರಾದ್ರೂ, ಎಂದು ಬೀಗರು ಅಂಗಲಾಚಿದ. ಯಾರೂ ಹೋಗದಿದ್ದಾಗ ಅವನೇ ಕ್ಯಾನು ಎತ್ತಿಕೊಂಡು ಒಳಗೆ ಓಡಿದ.

ಮಧ್ಯಾಹ್ನಕ್ಕೆ ನಮ್ಮೆಲ್ಲರನ್ನೂ ಗೇಟಿನ ಹೊರಗೆ ಹಾಕಿದರು. ನಾಳೆ ಮಾಲೀಕರು ಬರುತ್ತಾರಂತೆ, ಪೊಲೀಸರನ್ನೂ ಕರೆಸುತ್ತಾರಂತೆ, ಹಾಳಾದ ಹಾಳೆಗಳನ್ನೆಲ್ಲ ಲೆಕ್ಕ ಹಿಡಿಯುತ್ತಾರಂತೆ. ಹಾಗೆಂದು ಬೀಗರು ಗೇಟಿನ ಸಂದಿಯಿಂದ ಹೇಳಿದ. ಅಂಗಳ ತೊಳೆಯುವವರು ಯಾರೂ ಉಳಿದಿರಲಿಲ್ಲ. ಒಣಗಿದ ಗೆರೆಯೊಂದು ಪೋಸ್ಟರಿನ ಬುಡದಿಂದ ಆಫೀಸಿನ ಮೆಟ್ಟಿಲವರೆಗೆ ಹಾಗೇ ಇತ್ತು.

ಸಂಜೆ ಬಾಂಗ್ ಆಯಿತು. ನಾದಿನಿ ಮನೆಯ ಗೋಡೆಗೆ ಒರಗಿ ಕೂತು ಮೊದಲ ಗುಟುಕು ಕುಡಿದಳು. ಸೊಂಟದ ನೋವು ಹೋಗಿರಲಿಲ್ಲ. ಕೂತಲ್ಲೇ ಒಂದು ಕಡೆಗೆ ವಾಲಿದ್ದಳು. ಕೆಲಸ ಹೋದರೆ ಮುಂದೇನು, ಪೊಲೀಸರು ಮನೆಗೇ ಬಂದರೆ ಏನು, ನಾಳೆ ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಹೋಗುತ್ತೀರಿ ಎಂದು ಅತ್ತೆ ಒಂದೇ ಸಮನೆ ಕೇಳುತ್ತಿದ್ದರು. ಚೊಂಬು ಅವರ ಕೈಯಲ್ಲೇ ಇತ್ತು.

ನಾದಿನಿ ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿ ಮುಂದಕ್ಕೆ ಚಾಚಿದಳು.

"ತುಂಬಾ ಹಾಕು ಅಮ್ಮಿ," ಎಂದಳು. "ನಾಳೆಗೂ ಬೇಕು."